ತೂಕ ಇಳಿಯುವ ಮೊದಲು

ಸಿನಿಮಾದವರು ಅಂದ ಕೂಡಲೇ ಹೀರೋ ಯಾರು ಅಂತ ಜನ ಕೇಳುತ್ತಾರೆ, ಹೀರೋಯಿನ್ ಯಾವ ಊರಿನವಳು ಅಂತ ಕೇಳುತ್ತಾರೆ. ನೆಲದ ಮೇಲಿದ್ದ ಕ್ಯಾಮೆರಾ ಒಂದಿಷ್ಟೂ ನಡುಗದೆ ಎರಡನೇ ಮಹಡಿಯ ಕಿಟಕಿಯವರೆಗೆ ಹೇಗೆ ಏರಿತು, ಏರಿಸಿದ ಕೈ ಯಾರದು ಅಂತ ಇದುವರೆಗೆ ಒಬ್ಬ ಪುಣ್ಯಾತ್ಮನೂ ಕೇಳಿದ್ದಿಲ್ಲ. ಕೇಳಿದ್ದರೆ ಪರಮಾನಂದ ಅನ್ನುವ ಹೆಸರು ಸಿಗುತ್ತಿತ್ತು, ಅದರ ಜೊತೆಗೇ ಮಡಿವಾಳಪ್ಪ ಅನ್ನುವ ಹೆಸರೂ ಸಿಗುತ್ತಿತ್ತು. ಒಬ್ಬನಿಲ್ಲದೆ ಇನ್ನೊಬ್ಬನನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ.

ಇಬ್ಬರೂ ಗಜೇಂದ್ರಗಡದ ಕಡೆಯವರು. ಗಾರೆ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು, ಕಟ್ಟುತ್ತಿದ್ದ ಒಂದು ಕಟ್ಟಡದಲ್ಲಿ ಶೂಟಿಂಗ್ ನಡೆದಾಗ ಸಾಮಾನು ಎತ್ತಲು ಕೈ ಕೊಟ್ಟು, ಅಲ್ಲಿಂದ ಈ ಲೈನಿಗೆ ಬಿದ್ದವರು. ಈಗ ಐವತ್ತರ ಆಸುಪಾಸು. ದೊಡ್ಡನೆಕ್ಕುಂದಿಯಲ್ಲಿ ಮುರಳಿ ಅನ್ನುವವನ ವಠಾರದಲ್ಲಿ ಅಕ್ಕಪಕ್ಕದ ರೂಮು. ಪರಮಾನಂದ ಹೆಂಡತಿ ತೀರಿಕೊಂಡ ಒಂಟಿ ಮನುಷ್ಯ. ಅವನ ಊಟ ಮಡಿವಾಳಪ್ಪನ ಮನೆಯಲ್ಲೇ, ಮಡಿವಾಳಪ್ಪನ ಹೆಂಡತಿ ಮರೆವ್ವನ ಕೈಯಡುಗೆ. ಮುರಳಿ ದೊಡ್ಡನೆಕ್ಕುಂದಿಯದೇ ಹಳೇ ಮನೆತನದವನು. ಅಪ್ಪನ ಕಾಲದ ರಾಗಿ ಹೊಲದ ಮೇಲೆ ಈಗ ಕಾರ್ಖಾನೆಗಳಿವೆ. ಉಳಿದ ಜಾಗದಲ್ಲಿ ವಠಾರ ಕಟ್ಟಿಸಿ, ಒಂದು ತಗಡಿನ ಶೆಡ್ ಹಾಕಿಸಿ, ಅದರ ತುಂಬ ಶೂಟಿಂಗ್ ಸಾಮಾನು ಇಟ್ಟಿದ್ದಾನೆ. ವೈಟ್‌ಫೀಲ್ಡ್, ಹೂಡಿ ಕಡೆಯ ಕಂಪನಿಗಳು ತಮ್ಮ ಬಗ್ಗೆ ತಾವೇ ಹೊಗಳಿಕೊಳ್ಳುವ ಪಿಕ್ಚರ್ ತೆಗೆಸುತ್ತವಲ್ಲ, ಅವಕ್ಕೆಲ್ಲ ಲೈಟು, ಟ್ರಾಲಿ, ಜಿಬ್, ಊಟ, ವ್ಯಾನು ಎಲ್ಲ ಇವನದೇ.

ಜಿಬ್ ಅಂದರೆ ಇಪ್ಪತ್ತನಾಲ್ಕು ಅಡಿ ಉದ್ದದ ಅಲ್ಯೂಮಿನಿಯಂ ತೋಳು. ಅದನ್ನು ಒಂದು ಸ್ಟ್ಯಾಂಡಿನ ಮೇಲೆ ಏತದ ಹಾಗೆ ಕೂರಿಸಿರುತ್ತಾರೆ. ಉದ್ದನೆಯ ತುದಿಗೆ ಕ್ಯಾಮೆರಾ, ಗಿಡ್ಡ ತುದಿಗೆ ತೂಕ. ಗಿಡ್ಡ ತುದಿಯನ್ನು ಈ ಕೆಲಸದವರು ಬಾಲ ಅನ್ನುತ್ತಾರೆ. ಪೀಣ್ಯದಲ್ಲಿ ಮುಚ್ಚಿಹೋದ ಯಾವುದೋ ಗರಡಿ ಜಿಮ್ಮಿನಿಂದ ತಂದ ಕಬ್ಬಿಣದ ದುಂಡನೆ ಬಿಲ್ಲೆಗಳನ್ನು ಬಾಲಕ್ಕೆ ಒಂದೊಂದಾಗಿ ಪೋಣಿಸಿ ಸಮ ತೂಗಿಸುವವನು ಮಡಿವಾಳಪ್ಪ. ಸಮ ತೂಗಿತು ಅಂದರೆ ಆ ತೋಳು ಬೆರಳ ತುದಿಗೂ ಕೇಳುತ್ತದೆ. ಆಗ ಬಾಲ ಹಿಡಿದು ನಿಲ್ಲುವವನು ಪರಮಾನಂದ. ಅವನು ಉಸಿರು ಬಿಟ್ಟರೆ ಕ್ಯಾಮೆರಾ ಇಳಿಯುತ್ತದೆ, ಎಳೆದರೆ ಏರುತ್ತದೆ ಅಂತ ಹುಡುಗರು ಉತ್ಪ್ರೇಕ್ಷೆ ಮಾಡುತ್ತಿದ್ದರು. ಅದು ತೀರಾ ಸುಳ್ಳೇನೂ ಅಲ್ಲ.

ಕೆಲಸ ಮುಗಿದ ಮೇಲೆ ಬಿಚ್ಚುವುದಕ್ಕೆ ಒಂದು ಕ್ರಮ ಇದೆ. ಮೊದಲು ಕ್ಯಾಮೆರಾ ಕಡೆಯ ತುದಿಯನ್ನು ತಗ್ಗಿಸಿ ಸ್ಟೂಲಿನ ಮೇಲೆ ಕೂರಿಸಬೇಕು. ಆಮೇಲೆ ಬಿಲ್ಲೆಗಳನ್ನು ಇಳಿಸಬೇಕು. ಕೊನೇ ಬಿಲ್ಲೆ ಇಳಿದ ಮೇಲೆ ಮಡಿವಾಳಪ್ಪ "ಬರೇದಾತು!" ಅಂತ ಕೂಗಬೇಕು. ಅದನ್ನು ಕೇಳಿಯೇ ಪರಮಾನಂದ ಬಾಲದಿಂದ ಕೈ ತೆಗೆಯಬೇಕು. ಅವನು ಕೈ ತೆಗೆದನೋ, ಅದನ್ನು ನೋಡಿ ಆ ತುದಿಯವರು ಕ್ಯಾಮೆರಾ ಬಿಚ್ಚಬೇಕು. ತೂಕ ಇರುವಾಗಲೇ ಕ್ಯಾಮೆರಾ ಬಿಚ್ಚಿದರೆ ಅಷ್ಟೂ ಕಬ್ಬಿಣ ಒಂದೇ ಏಟಿಗೆ ಕೆಳಗೆ ಬರುತ್ತದೆ. ಇದೇನು ಪುಸ್ತಕದಲ್ಲಿ ಬರೆದ ಕಾನೂನಲ್ಲ. ಆದರೆ ಪರಮಾನಂದನ ಕೈ ಬಾಲ ಬಿಟ್ಟಿತು ಅಂದರೆ ಅಲ್ಲಿ ತೂಕ ಇಲ್ಲ ಅಂತಲೇ ಅರ್ಥ, ಹತ್ತೊಂಬತ್ತು ವರ್ಷದಿಂದ.

ಆ ಭಾನುವಾರ ಹೂಡಿಯ ಆಚೆ ಒಂದು ಟೆಕ್ ಪಾರ್ಕಿನಲ್ಲಿ ಶೂಟಿಂಗು. ಯಾವುದೋ ಕಂಪನಿಗೆ ಇಪ್ಪತ್ತೈದು ವರ್ಷ ತುಂಬಿತ್ತಂತೆ. ಗಾಜಿನ ಚಾವಣಿಯ ಕೆಳಗೆ ನಾಲ್ಕು ಮಹಡಿಯಷ್ಟು ಎತ್ತರದ ಹಾಲು, ನಡುವೆ ಒಂದು ಸುಳ್ಳು ಜಲಪಾತ. ಜಲಪಾತದ ಬುಡದಿಂದ ಹೊರಟ ಕ್ಯಾಮೆರಾ, ಮೆಟ್ಟಿಲು ಹತ್ತುವ ಒಬ್ಬ ಹುಡುಗಿಯ ಭುಜದ ಪಕ್ಕದಲ್ಲೇ ಏರಿ, ಮೇಲಿನ ಕಟಕಟೆಯಲ್ಲಿ ನಿಂತ ಮುದಿ ಚೇರ್ಮನ್ನರ ಮುಖಕ್ಕೆ ಹೋಗಿ ನಿಲ್ಲಬೇಕು. ಹುಡುಗಿ ಒಂದು ಸಲ ಬೇಗ ಹತ್ತುತ್ತಾಳೆ, ಒಂದು ಸಲ ನಿಧಾನ. ಚೇರ್ಮನ್ನರು ಪ್ರತಿ ಸಲ ಬೇಗನೇ ನಗುತ್ತಾರೆ. ಹನ್ನೊಂದು ಟೇಕ್ ಹಾಳಾಯಿತು. ಹನ್ನೆರಡನೆಯದರಲ್ಲಿ ಪರಮಾನಂದ ಯಾರ ಲೆಕ್ಕವನ್ನೂ ಇಟ್ಟುಕೊಳ್ಳದೆ ಆ ಹುಡುಗಿಯ ಹೆಜ್ಜೆಗೆ ತನ್ನ ಹೆಜ್ಜೆ ಹಾಕಿದ. ತೋಳು ಏರಿತು, ತಿರುಗಿತು, ಚೇರ್ಮನ್ನರು ನಗುವ ಹೊತ್ತಿಗೆ ಸರಿಯಾಗಿ ಹೋಗಿ ನಿಂತಿತು.

"ಕಟ್!" ಅಂದವರೇ ಡೈರೆಕ್ಟರು ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದರು. ಹೈದರಾಬಾದಿನ ಎಳೇ ವಯಸ್ಸಿನವರು, ತೆಲುಗು ಬೆರೆಸಿ ಮಾತು. ಮಧ್ಯಾಹ್ನ ಹನ್ನೆರಡೂವರೆ, ಊಟದ ಹೊತ್ತು. ಇನ್ನು ಜಿಬ್ ಕೆಲಸ ಇಲ್ಲ, ಬಿಚ್ಚಿ ಅಂದರು. ಕ್ಯಾಮೆರಾ ತುದಿಯನ್ನು ತಗ್ಗಿಸಿ ಸ್ಟೂಲಿನ ಮೇಲೆ ಕೂರಿಸಿದರು. ಅಲ್ಲಿ ಕ್ಯಾಮೆರಾ ಅಸಿಸ್ಟೆಂಟ್ ಯಮುನಾ ನಿಂತಿದ್ದಳು, ಚುರುಕಿನ ಹೆಣ್ಣುಮಗಳು. ಆ ತುದಿ ತಗ್ಗಿದ ಮೇಲೆ ಈ ತುದಿ ಮೇಲಾಗಿ, ಬಿಲ್ಲೆಗಳೆಲ್ಲ ಮನುಷ್ಯನ ತಲೆಯ ಎತ್ತರಕ್ಕೆ ಬಂದವು. ಎರಡು ತುದಿಗಳ ನಡುವೆ ಬೆಳಕು ಮೆತ್ತಗೆ ಮಾಡಲು ಕಟ್ಟಿದ ದೊಡ್ಡ ಬಿಳೀ ಬಟ್ಟೆ ಇತ್ತು. ಇತ್ತಲಿಂದ ಅವಳು ಕಾಣಳು, ಅತ್ತಲಿಂದ ಮಡಿವಾಳಪ್ಪ ಕಾಣ.

ಅಷ್ಟರಲ್ಲಿ ಡೈರೆಕ್ಟರು ಮಾನಿಟರ್ ಇದ್ದ ಟೇಬಲಿನಿಂದ ಕೂಗಿದರು: "ಪರಮಾನಂದಣ್ಣಾ! ಇಲ್ಲಿ ಬನ್ನಿ ಅಣ್ಣಾ, ನೋಡಿ, ಏನ್ ಶಾಟ್ ಕೊಟ್ಟಿದೀರಿ! ಸಕ್ಕತ್!"

ಏನು ಹೇಳೋಣ! ಹತ್ತೊಂಬತ್ತು ವರ್ಷ ಬಾಲ ಹಿಡಿದವನು ತಾನು ಎತ್ತಿದ ಒಂದು ಶಾಟನ್ನೂ ಮಾನಿಟರಿನಲ್ಲಿ ನೋಡಿದವನಲ್ಲ. ಅದರ ಸುತ್ತ ಕುರ್ಚಿ ಹಾಕಿಕೊಂಡು ಕೂರುವವರೇ ಬೇರೆ. ಜಿಬ್ಬಿನವರು ಅತ್ತ ಸುಳಿದರೆ "ಸ್ವಲ್ಪ ಆಚೆ ನಿಂತ್ಕೊಳಿ" ಅನ್ನುತ್ತಾರೆ. ಈಗ ಡೈರೆಕ್ಟರೇ ಹೆಸರು ಹಿಡಿದು, ಅಣ್ಣಾ ಅಂತ ಕರೆಯುತ್ತಿದ್ದಾರೆ! ಪರಮಾನಂದನ ಕಿವಿ ಬಿಸಿಯಾಯಿತು. ತೋಳು ಸಮ ತೂಗಿಕೊಂಡು ಅಲುಗದೆ ನಿಂತಿತ್ತು. ಒಂದು ನಿಮಿಷ, ನೋಡಿ ಬಂದುಬಿಡುತ್ತೇನೆ ಅಂದುಕೊಂಡ. ಅಂದುಕೊಂಡನೇ ಹೊರತು ಬಾಯಿಬಿಟ್ಟು ಮಡಿವಾಳಪ್ಪನಿಗೆ ಹೇಳಲಿಲ್ಲ. ಕೈ ತೆಗೆದು ಹೊರಟೇಬಿಟ್ಟ.

ಮಡಿವಾಳಪ್ಪ ಇಳಿಸಿದ ಬಿಲ್ಲೆಗಳನ್ನು ಇಡಲು ಮರದ ಪೆಟ್ಟಿಗೆಯನ್ನು ಬಾಲದ ಕೆಳಗೆ ಸರಿಸುತ್ತಿದ್ದ. ಬಗ್ಗಿದ್ದ. ಇನ್ನೂ ಒಂದು ಬಿಲ್ಲೆಯನ್ನೂ ತೆಗೆದಿರಲಿಲ್ಲ. ಪರಮಾನಂದ ಬಾಲ ಹಿಡಿದು ಕಾವಲಿದ್ದಾನೆ ಅನ್ನುವ ಧೈರ್ಯ ಅವನಿಗೆ.

ಯಮುನಾ ಬಿಳೀ ಬಟ್ಟೆಯ ಅಂಚಿನಿಂದ ನೋಡಿದಳು. ಪರಮಾನಂದ ಎರಡೂ ಕೈ ಬೀಸಿಕೊಂಡು ಮಾನಿಟರ್ ಕಡೆ ನಡೆಯುತ್ತಿದ್ದ. ಸರಿ, ಬರಿದಾಯಿತು ಅಂತ ಕ್ಯಾಮೆರಾ ಬಿಗಿದಿದ್ದ ಲಿವರ್ ಎತ್ತಿ ಅದನ್ನು ತೆಗೆದುಕೊಂಡಳು. ಅವಳ ತಪ್ಪು ಎಳ್ಳಷ್ಟೂ ಇಲ್ಲ.

ಪರಮಾನಂದ ಪರದೆಯ ಮೇಲೆ ಆ ಹುಡುಗಿ ಮೂರನೇ ಮೆಟ್ಟಿಲು ಹತ್ತುವವರೆಗೆ ನೋಡಿದ. ಕ್ಯಾಮೆರಾ ಅವಳ ಜೊತೆ ಏರುತ್ತಿತ್ತು, ಚೆಂದಾಗಿ ಏರುತ್ತಿತ್ತು. ಆಗ ಹಿಂದೆ ಸದ್ದಾಯಿತು.

ವೈಟ್‌ಫೀಲ್ಡಿನ ಆಸ್ಪತ್ರೆಯ ಹೊರಗಡೆ, ಬೈಕು ನಿಲ್ಲಿಸುವ ಜಾಗದಲ್ಲಿ ಮುರಳಿ ಪರಮಾನಂದನ ಹೆಗಲ ಮೇಲೆ ಕೈ ಹಾಕಿದ. ಒಳಗೆ ಮಡಿವಾಳಪ್ಪನ ತಲೆಯ ಫೋಟೋ ತೆಗೆಯುತ್ತಿದ್ದರು. ಪರಮಾನಂದನ ಅಂಗಿಯ ತೋಳೆಲ್ಲ ರಕ್ತ.

"ನೋಡು ಗುರು, ನಿನ್ ಮೇಲೆ ನಂಗೆ ಕೋಪ ಇಲ್ಲ. ಆಗಿದ್ದು ಆಗೋಯ್ತು. ಈಗ ಪಾರ್ಕ್‌ನೋರು ರಿಪೋರ್ಟ್ ಕೇಳ್ತಾವ್ರೆ. ಹೆಂಗಾಯ್ತು ಅಂತ ನೀನು ಕೈಯಲ್ಲಿ ಬರ್ದು ಕೊಡ್ಬೇಕು."

"ಏನ ಬರಿಲ್ರೀ? ನಾನ ಬಾಲ ಬಿಟ್ಟ ಹೋಗಿದ್ನಿ. ಅದನ್ನ ಬರೀತೇನಿ."

"ಹಂಗೆ ಬರೆದ್ರೆ ಏನಾಗುತ್ತೆ ಗೊತ್ತಾ? ನಿನ್ ಮೇಲೆ ಪೊಲೀಸ್ ಕೇಸು. ಲಿವರ್ ಎತ್ತಿದ್ದು ಯಮುನಾ, ಆ ಹುಡುಗಿ ಮೇಲೂ ಕೇಸು. ನೀನು ಸ್ಟೇಷನ್‌ನಲ್ಲಿ ಕೂತ್ರೆ ಅವನನ್ನ ಯಾರು ನೋಡ್ಕೊಳ್ತಾರೆ, ಮರೆವ್ವನಾ? ಅವಳಿಗೆ ಆಸ್ಪತ್ರೆ ಬಾಗಿಲು ಯಾವ ಕಡೆ ಅಂತ ಗೊತ್ತಿಲ್ಲ. ಅವನೇ ಮರೆತು ಬರೇದಾತು ಅಂತ ಕೂಗಿದ ಅಂತ ಬರಿ. ಆಕ್ಸಿಡೆಂಟ್ ಅಂತ ಫೈಲ್ ಮುಚ್ತಾರೆ, ಆಪರೇಷನ್ ಖರ್ಚೆಲ್ಲ ಅವ್ರೇ ನೋಡ್ಕೊಳ್ತಾರೆ. ಅವನಿಗೆ ಪ್ರಜ್ಞೆ ಬಂದ್ಮೇಲೆ ನೀನೇ ಹೇಳ್ಬಿಡು, ಮಗಾ, ಹಿಂಗಿಂಗೆ ಬರ್ದೆ ಅಂತ. ನಿನ್ ಮಾತಿಗೆ ಅವನು ಬೇಡ ಅಂತಾನಾ?"

ಬೇಡ ಅನ್ನುವುದಿಲ್ಲ, ಅದು ಪರಮಾನಂದನಿಗೂ ಗೊತ್ತಿತ್ತು. ಮಡಿವಾಳಪ್ಪ ನಕ್ಕುಬಿಡುತ್ತಾನೆ. "ಬಾಳ ಶಾಣ್ಯಾ ಆಗಿಯಲೇ" ಅಂತ ಬೆನ್ನಿಗೆ ಗುದ್ದುತ್ತಾನೆ. ಹಾಗೆ ಅಂದುಕೊಂಡೇ ಅವನು ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟು, ಮುರಳಿ ಹೇಳಿದ್ದನ್ನು ಬರೆದ. ತೂಕ ಇಳಿಸುವ ಕೆಲಸಗಾರ ಮಡಿವಾಳಪ್ಪ ತೂಕ ಇಳಿಸದೆಯೇ ಮರೆವಿನಿಂದ ಬರಿದಾಯಿತೆಂದು ಕೂಗಿದ್ದಾಗಿ, ಆ ಕೂಗನ್ನು ನಂಬಿ ತಾನು ಕೈ ತೆಗೆದದ್ದಾಗಿ ಬರೆದು ರುಜು ಹಾಕಿದ. ಮುರಳಿ ನಿಂತಲ್ಲೇ ಅದರ ಫೋಟೋ ಹೊಡೆದು ಕಳಿಸಿದ. ಯಮುನಾಳಿಗೆ ಏನು ಹೇಳಿದನೋ ಏನೋ, ಅವಳು ಮರುವಾರವೇ ಕೆಲಸ ಬಿಟ್ಟು ಬೇರೆ ಊರಿಗೆ ಹೋದಳು, ನಂಬರೂ ಬದಲಾಯಿತು. ಡೈರೆಕ್ಟರು ಹೈದರಾಬಾದಿಗೆ ವಾಪಸು ಹೋದರು, ಉಳಿದವರೆಲ್ಲ ಆ ಹೊತ್ತಿಗೆ ಊಟಕ್ಕೆ ಎದ್ದಿದ್ದವರು, ಯಾರೂ ಕಂಡವರಲ್ಲ.

ಆಪರೇಷನ್ ಆಯಿತು, ಜೀವ ಉಳಿಯಿತು. ಎಡಗೈ ಮಾತ್ರ ಸೋತುಹೋಯಿತು. ಆರನೇ ದಿನ ಮಡಿವಾಳಪ್ಪ ಮಾತಾಡಿದ ಅಂತ ತಿಳಿದು ಪರಮಾನಂದ ಓಡಿದ. ದಾರಿಯುದ್ದಕ್ಕೂ ಹೇಗೆ ಹೇಳಬೇಕು ಅಂತ ಜೋಡಿಸಿಕೊಂಡಿದ್ದ. ವಾರ್ಡಿನ ಬಾಗಿಲಿಗೆ ಹೋದರೆ ಒಳಗೆ ಮರೆವ್ವನ ದನಿ.

"ಎಲ್ಲಾರೂ ಹೇಳಾಕತ್ತಾರ, ನೀನ ಮರತ ಒದರೀದಿ ಅಂತ. ಹತ್ತೊಂಬತ್ತ ವರ್ಷ ಅದೊಂದ ಕೆಲಸ ಮಾಡಿದಾಂವಗ ಅದೊಂದ ನೆಪ್ಪ ಇಡಾಕ ಆಗಲಿಲ್ಲಲ್ಲೋ ನಿನಗ!"

"ನನಗೇನೂ ನೆಪ್ಪಿಲ್ಲ ಮರೆವ್ವ," ಅಂದ ಮಡಿವಾಳಪ್ಪ. "ಮುಂಜಾನಿ ವ್ಯಾನ್ ಹತ್ತಿದ್ದ ನೆಪ್ಪೈತಿ. ಆಮ್ಯಾಲಿಂದ ಏನೂ ಇಲ್ಲ." ಅಷ್ಟು ಹೇಳಿ ಬಾಗಿಲ ಕಡೆ ನೋಡಿದ. ಪರಮಾನಂದನನ್ನು ಕಂಡದ್ದೇ ಅವನ ಮುಖ ಸಣ್ಣ ಮಕ್ಕಳ ಹಾಗೆ ಸೊಟ್ಟಗಾಯಿತು. "ಪರಮಣ್ಣಾ, ನಿನಗೇನೂ ಆಗಲಿಲ್ಲ ಹೌದಿಲ್ಲೋ? ನಿನ್ನ ಮ್ಯಾಲ ಬೀಳಲಿಲ್ಲ ಹೌದಿಲ್ಲೋ?"

ಪರಮಾನಂದ ಮಂಚದ ಪಕ್ಕಕ್ಕೆ ಬಂದು ಕೂತ. ಈಗಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ನರ್ಸು ಬಂದಳು, ಮರೆವ್ವ ಚಹಾ ತರಲು ಹೋದಳು, ಆಮೇಲೆ ಹೊತ್ತಾಯಿತು ಅಂದರು. ನಾಳೆ ಹೇಳುತ್ತೇನೆ ಅಂತ ಬಂದ. ನಾಳೆ ಹೋದರೆ ಮಡಿವಾಳಪ್ಪನಿಗೆ ಜ್ವರ. ಹೇಡಿಗೆ ನೆಪಗಳಿಗೇನು ಬರ ಹೇಳಿ. ಮನೆಗೆ ಬರಲಿ, ಚೇತರಿಸಿಕೊಳ್ಳಲಿ, ಹಬ್ಬ ಕಳೆಯಲಿ ಅಂತ ದಿನ ದೂಡಿದ. ಐದು ತಿಂಗಳಾಯಿತು.

ಆ ಐದು ತಿಂಗಳಲ್ಲಿ ಮಡಿವಾಳಪ್ಪನ ಹೆಸರು ಮಣ್ಣುಪಾಲಾಯಿತು. ಈ ಕೆಲಸದವರದು ಸಣ್ಣ ಪ್ರಪಂಚ. ಪೀಣ್ಯದಲ್ಲಿ ಒಬ್ಬ ಲೈಟ್‌ಮನ್ ಸೀನಿದರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ನೊಬ್ಬನಿಗೆ ಗೊತ್ತಾಗುತ್ತದೆ. ಪರಮಾನಂದ ಬರೆದ ಹಾಳೆಯ ಫೋಟೋ ವಾಟ್ಸಾಪಿನಲ್ಲಿ ಗ್ರೂಪಿನಿಂದ ಗ್ರೂಪಿಗೆ ಹೋಯಿತು. ಎಚ್ಚರ, ತೂಕದವರು ಮರೆತರೆ ಹೀಗಾಗುತ್ತದೆ ಅಂತ ಅದರ ಕೆಳಗೆ ಕೈ ಮುಗಿದ ಚಿತ್ರ. ಮಡಿವಾಳಪ್ಪನ ಎಡಗೈ ಬೆರಳುಗಳು ನಿಧಾನಕ್ಕೆ ಆಡತೊಡಗಿದ್ದವು. ಭಾರ ಎತ್ತಲಾಗದಿದ್ದರೂ ಟ್ರಾಲಿಯ ಹಳಿ ಒರೆಸಬಹುದು, ಕೇಬಲ್ ಸುತ್ತಬಹುದು, ಯಾವುದಾದರೂ ಕೊಡಿ ಅಂತ ಅವನು ಶೆಡ್ಡುಗಳಿಗೆ ಫೋನ್ ಮಾಡಿದ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು. ಹೇಳ್ತೀವಿ ಅಣ್ಣಾ, ರೆಸ್ಟ್ ಮಾಡಿ ಅಣ್ಣಾ ಅಂದರು. ಒಬ್ಬ ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿದ, "ನಿಮ್ಮನ್ನ ಸೆಟ್‌ನಲ್ಲಿಟ್ರೆ ಹುಡುಗ್ರು ಹೆದರ್ತಾರೆ ಕಣ್ರೀ."

ಮಡಿವಾಳಪ್ಪನಿಗೆ ಕೆಲಸ ಹೋದದ್ದಕ್ಕಿಂತ ಹೆಚ್ಚಿನ ಸಂಕಟ ಬೇರೆ ಇತ್ತು. ತನ್ನ ಬಾಯಿಯ ಮೇಲೆ ತನಗೇ ನಂಬಿಕೆ ಹೋಗಿತ್ತು. ಒಲೆ ಆರಿಸಿದೆಯಾ ಅಂತ ಮರೆವ್ವ ಕೇಳಿದರೆ ಆರಿಸಿದೆ ಅನ್ನುತ್ತಿದ್ದ. ಹಾಗೆಂದವನು ಎದ್ದು ಹೋಗಿ ನೋಡುತ್ತಿದ್ದ, ಬಂದು ಕೂತು ಮತ್ತೆ ಎದ್ದು ಹೋಗುತ್ತಿದ್ದ. ಅಂಗಡಿಗೆ ಹೋದರೆ ಬಾಗಿಲು ಹಾಕಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ವಾಪಸು ಬರುತ್ತಿದ್ದ. ಮರೆವ್ವನ ಬೈಗುಳ ದಿನವೂ ಗೋಡೆಯಾಚೆಗೆ ಕೇಳುತ್ತಿತ್ತು. ಅವಳ ಕೈಯಡುಗೆಯನ್ನೇ ಉಣ್ಣುತ್ತಿದ್ದ ಪರಮಾನಂದನಿಗೆ ಒಂದೊಂದು ತುತ್ತೂ ಒಳಗಿಳಿಯುತ್ತಿರಲಿಲ್ಲ. ಥೂ, ಇದೂ ಒಂದು ಬಾಳೇ ಅಂತ ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು.

ಒಂದು ಬೆಳಗ್ಗೆ ಧೈರ್ಯ ಮಾಡಿ ಮುರಳಿಯ ಹತ್ತಿರ ಹೋದ. ಮುರಳಿ ಶೆಡ್ಡಿನ ಮುಂದೆ ಹೊಸ ಲೈಟುಗಳನ್ನು ಇಳಿಸಿಕೊಳ್ಳುತ್ತಿದ್ದ.

"ಆ ಹಾಳಿ ವಾಪಸ್ ಕೊಡ್ರಿ. ನಾ ಖರೇದ್ದ ಬರದ ಕೊಡ್ತೇನಿ."

"ಯಾವ ಹಾಳೆ ಗುರು? ಅದು ಸ್ಕ್ಯಾನ್ ಆಗಿ, ಮೇಲ್ ಆಗಿ, ಎಲ್ಲೆಲ್ಲಿಗೋ ಹೋಯ್ತು. ಈಗ ಬೇರೆ ಬರ್ದು ಕೊಟ್ರೆ ಮೊದಲನೇದು ಯಾಕೆ ಸುಳ್ಳು ಬರ್ದೆ ಅಂತಾರೆ. ಯಾರು ಬರೆಸಿದ್ರು ಅಂತಾರೆ. ಸುಮ್ನೆ ಮಲ್ಗಿರೋ ನಾಯಿನ ಯಾಕೋ ಎಬ್ಬಿಸ್ತೀಯಾ? ಮಡಿವಾಳಪ್ಪಂಗೆ ನೀನೇ ಹೇಳ್ಬಿಡು ಅಂದಿದ್ನಲ್ಲ, ಹೇಳು ಹೋಗು, ನಾನೇನು ಬಾಯಿ ಕಟ್ಟಿದೀನಾ?" ಅಷ್ಟು ಹೇಳಿ ಮುರಳಿ ಲೈಟಿನ ಪೆಟ್ಟಿಗೆಗಳನ್ನು ಎಣಿಸತೊಡಗಿದ. ಅವನ ಧೈರ್ಯ ನೋಡಿ ಪರಮಾನಂದನಿಗೆ ಮೈಯೆಲ್ಲ ಉರಿಯಿತು. ಆದರೆ ಹಾಳೆ ಬರೆದ ಕೈ ತನ್ನದೇ ಅಲ್ಲವೇ, ಬಂದ ದಾರಿಯಲ್ಲೇ ಹಿಂದಿರುಗಿದ.

ಅಮಾವಾಸ್ಯೆಯ ದಿನ ಸಾಮಾನಿಗೆ ಪೂಜೆ. ಬೆಳಗ್ಗೆ ಎಂಟಕ್ಕೆ ಶೆಡ್ಡಿನ ಬಾಗಿಲು ತೆರೆದು, ಲೈಟುಗಳಿಗೆ ಹೂವು ಮುಡಿಸಿ, ಟ್ರಾಲಿಯ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಜಿಬ್ಬಿನ ಕಾಲಿಗೆ ಕುಂಕುಮ ಹಚ್ಚುತ್ತಾರೆ. ಅವತ್ತು ಹತ್ತು ಹನ್ನೆರಡು ಜನ ಸೇರಿದ್ದರು. ಈಗ ಬಿಲ್ಲೆ ಪೋಣಿಸುವ ಕೆಲಸಕ್ಕೆ ಬಂದಿದ್ದ ಸಂಗಮೇಶನೂ ಇದ್ದ. ಮುರಳಿ ಮಂಗಳಾರತಿ ಎತ್ತಿದ್ದ. ಆಗ ಮಡಿವಾಳಪ್ಪ ಬಂದ. ಒಗೆದ ಪಂಚೆ, ಹಣೆ ತುಂಬ ವಿಭೂತಿ, ಬಲಗೈಯಲ್ಲಿ ತೆಂಗಿನಕಾಯಿ. ಹಿಂದೆ ಮರೆವ್ವ ಸೆರಗು ಹೊದ್ದು ನಿಂತಿದ್ದಳು.

"ನಾ ಒಂದ ಮಾತ ಆಡಬೇಕ್ರಿ ಎಲ್ಲಾರ ಮುಂದ," ಅಂದ. "ಆವತ್ತ ನಾ ಏನ ಒದರಿದ್ನೋ ನನಗ ನೆಪ್ಪಿಲ್ಲ. ಆದರ ನನ್ನ ಬಾಯಿಂದ ಸುಳ್ಳ ಬಂತು. ಈ ಕೆಲಸದಾಗ ಒದರೂದ ಸುಳ್ಳಾದ್ರ ಉಳದದ್ದ ಏನೈತಿ? ಪರಮಣ್ಣ ನನ್ನ ಮಾತ ನಂಬಿ ಕೈ ತಗದ. ಅದು ಅವನ ಮ್ಯಾಲ ಬಿದ್ದಿದ್ರ ನಾ ಎಲ್ಲಿ ಮುಖ ಇಟಕೊಳ್ಳಿ? ಈ ಸಾಮಾನಿನ ಮುಂದ, ನಿಮ್ಮೆಲ್ಲರ ಮುಂದ ತಪ್ಪಾತ ಅಂತೇನಿ." ಹಾಗೆಂದು ತೆಂಗಿನಕಾಯಿಯನ್ನು ಜಿಬ್ಬಿನ ಕಾಲ ಬಳಿ ಇಟ್ಟು, ಮೊಣಕಾಲೂರಿ, ಸೋತ ಕೈಯನ್ನು ಒಳ್ಳೆಯ ಕೈಯಿಂದ ಎತ್ತಿ ಹಿಡಿದು ಪರಮಾನಂದನ ಪಾದದ ಕಡೆ ಬಗ್ಗಿದ.

ಪರಮಾನಂದ ಹಾವು ತುಳಿದವನ ಹಾಗೆ ಹಿಂದೆ ಹಾರಿದ.

"ಏಳಲೇ! ಏಳ ಮ್ಯಾಲ! ನೀ ಒದರಿಲ್ಲ, ನೀ ಏನೂ ಒದರಿಲ್ಲ! ನಾ ಬಿಟ್ಟ ಹೋದ್ನಿ ಬಾಲಾ! ನನ್ನ ತಪ್ಪ. ನಾ ಬರದದ್ದ ಸುಳ್ಳ, ಪೂರಾ ಸುಳ್ಳ! ಕೇಳ್ರೆಪ್ಪಾ, ಎಲ್ಲಾರೂ ಕೇಳ್ರಿ, ಮಡಿವಾಳನ ತಪ್ಪ ಒಂದ ಕೂದಲದಷ್ಟೂ ಇಲ್ಲ. ಈ ಮುರಳಿ ಸಾಹೇಬರನ್ನ ಕೇಳ್ರಿ, ಅವರ ಮುಂದ ನಾ ಬರದೇನಿ!" ಅವನ ಬಾಯಿಂದ ಎಂಜಲು ಸಿಡಿಯುತ್ತಿತ್ತು, ಕಣ್ಣಿಂದ ನೀರು ಸುರಿಯುತ್ತಿತ್ತು. ಐದು ತಿಂಗಳು ಒಳಗಿದ್ದದ್ದು ಅಂತೂ ಹೊರಬಿತ್ತು ಅಂತ ಅವನಿಗೆ ಒಂದು ಗಳಿಗೆ ಎದೆ ಹಗುರವಾಯಿತು.

ಎಲ್ಲರೂ ಮುರಳಿಯ ಮುಖ ನೋಡಿದರು. ಮುರಳಿ ಮಂಗಳಾರತಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ. ಆಮೇಲೆ ಪರಮಾನಂದನ ಹತ್ತಿರ ಬಂದು ಅವನನ್ನು ತಬ್ಬಿಕೊಂಡ. ತಬ್ಬಿಕೊಂಡೇ ಎಲ್ಲರ ಕಡೆ ತಿರುಗಿದ. ಅವನ ಕಣ್ಣೂ ಒದ್ದೆಯಾಗಿತ್ತು, ಪುಣ್ಯಾತ್ಮನದು!

"ನೋಡ್ರಪ್ಪಾ," ಅಂದ ಮುರಳಿ. "ಇದು ಮನುಷ್ಯತ್ವ ಅಂದ್ರೆ. ಜೊತೆಗಾರನ ಮರ್ಯಾದೆ ಉಳಿಸೋಕೆ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ತಾವ್ನೆ. ಈ ಕಾಲದಲ್ಲಿ ಯಾರಿದಾರೆ ಹೇಳಿ ಇಂಥೋರು?"

"ಸುಳ್ಳ! ಈ ಮನಷ್ಯಾ ಸುಳ್ಳ ಹೇಳಾಕತ್ತಾನ!" ಅಂತ ಪರಮಾನಂದ ಕೊಸರಿಕೊಂಡ. ಕೊಸರಿಕೊಂಡಷ್ಟೂ ಜನರ ಕಣ್ಣು ತುಂಬಿಬಂತು. ಹತ್ತೊಂಬತ್ತು ವರ್ಷ ಬಾಲದಿಂದ ಕೈ ತೆಗೆಯದವನು, ತೂಕ ಇರುವಾಗ ಬಿಟ್ಟು ಹೋಗುತ್ತಾನೆಯೇ? ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿದ್ದರೋ ಏನೋ, ಪರಮಾನಂದನ ಬಗ್ಗೆ ಪರಮಾನಂದ ಹೇಳಿದರೂ ನಂಬುವವರಿರಲಿಲ್ಲ.

"ಜೋಡಿ ಅಂದ್ರ ಹಿಂಗಿರಬೇಕ ನೋಡ್ರಿ," ಅಂತ ಸಂಗಮೇಶ ಮೂಗು ಒರೆಸಿಕೊಂಡ. ಯಾರೋ ಫೋನಿನಲ್ಲಿ ಎಲ್ಲವನ್ನೂ ಹಿಡಿದುಕೊಂಡಿದ್ದರು. ಸಂಜೆಯೊಳಗೆ ಅದೂ ಎಲ್ಲ ಗ್ರೂಪಿಗೂ ಹೋಗುವುದು ಖಂಡಿತ. ಮರೆವ್ವ ಮುಂದೆ ಬಂದು ಪರಮಾನಂದನಿಗೆ ಕೈ ಮುಗಿದಳು. "ನಿನ್ನ ಉಪಕಾರ ಹೆಂಗ ತೀರಸೂದೋ ಯಪ್ಪಾ," ಅಂದಳು. ಗಂಡನ ಕಡೆ ತಿರುಗಿ, "ನೋಡ, ಇಂಥಾವನ ಹೆಸರಿಗೆ ಮಸಿ ಬಳಿಯಾಂವ ಇದ್ದಿ ನೀ," ಅಂದಳು. ಮಡಿವಾಳಪ್ಪ ತಲೆ ತಗ್ಗಿಸಿದ.

ಪೂಜೆ ಮುಗಿಯಿತು, ಪ್ರಸಾದ ಹಂಚಿದರು. ವಠಾರಕ್ಕೆ ಐದು ನಿಮಿಷದ ದಾರಿ. ಮರೆವ್ವ ಮುಂದೆ ಹೋದಳು. ಕಾರ್ಖಾನೆಯ ಹಗಲು ಪಾಳಿಯ ಬಸ್ಸುಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಮಡಿವಾಳಪ್ಪ ಮೆಲ್ಲಗೆ ನಡೆಯುತ್ತಿದ್ದ, ಪರಮಾನಂದ ಅವನ ರಟ್ಟೆ ಹಿಡಿದುಕೊಂಡಿದ್ದ. ಇಬ್ಬರೇ ಇರುವಾಗಲಾದರೂ ನಂಬಿಯಾನು ಅಂತ ಅವನಿಗೆ ಆಸೆ. ಜಗತ್ತು ಹಾಳಾಗಿ ಹೋಗಲಿ, ಇವನೊಬ್ಬ ನಂಬಿದರೆ ಸಾಕಿತ್ತು. ಹುಣಸೆ ಮರದ ಕೆಳಗೆ ನಿಲ್ಲಿಸಿ ಎದುರಿಗೆ ನಿಂತ.

"ಮಡಿವಾಳಾ, ನನ್ನ ಮುಖ ನೋಡ. ತಾಯಾಣೆ ಹೇಳ್ತೇನಿ. ಪೂರಾ ಕೇಳು. ಆವತ್ತ ಶಾಟ್ ಚಲೋ ಬಂತು. ಡೈರೆಕ್ಟರ್ ನನ್ನ ಕರದ್ರು. ಹೆಸರ ಹಿಡದ, ಅಣ್ಣಾ ಅಂತ ಕರದ್ರು, ಮಾನಿಟರ್‌ನ್ಯಾಗ ನೋಡ ಬಾ ಅಂದ್ರು. ನನಗ ನೋಡಬೇಕ ಅನಸ್ತು. ನೀ ಪೆಟಿಗಿ ಸರಸಾಕತ್ತಿದ್ದಿ. ನಿನಗ ಹೇಳದ ಬಾಲಾ ಬಿಟ್ಟ ಹೋದ್ನಿ. ಅಷ್ಟ. ಅದರ ಸಲುವಾಗಿ ನಿನ್ನ ತಲಿ ಒಡೀತು."

ಮಡಿವಾಳಪ್ಪ ಅವನನ್ನೇ ದಿಟ್ಟಿಸಿದ. ತುಟಿ ಅಲುಗಿತು. ಆಮೇಲೆ ಹೊಟ್ಟೆಯಿಂದ ಒಂದು ನಗು ಎದ್ದು ಬಂತು, ಮೈಯೆಲ್ಲ ಅಲ್ಲಾಡಿಸಿ, ಸೋತ ಕೈಯೂ ಕುಣಿಯುವ ಹಾಗೆ.

"ಡೈರೆಕ್ಟರ್? ನಿನ್ನ? ಮಾನಿಟರ್ ನೋಡಾಕ ಕರದ್ರಾ?" ಅಂದ, ಕಣ್ಣೊರೆಸಿಕೊಳ್ಳುತ್ತ. "ಏ ಪರಮಣ್ಣಾ, ಹತ್ತೊಂಬತ್ತ ವರ್ಷದಾಗ ಯಾ ನನ್ನ ಮಗಾ ನಮ್ಮನ್ನ ಅದರ ಹಂತ್ಯಾಕ ಬಿಟ್ಟಾನಲೇ? ನನ್ನ ಸಲುವಾಗಿ ಸುಳ್ಳ ಹೇಳಾಂವ, ಇನ್ನೊಂದೀಟ ನಂಬೂವಂಥಾದ್ದ ಹೇಳಬಾರದಾ? ಆತ ಬಿಡು. ನಿನ್ನ ಮನಸ್ಸ ನನಗ ಗೊತ್ತೈತಿ."

ಐದು ತಿಂಗಳಲ್ಲಿ ಅವನು ಬಾಯಿ ತುಂಬ ನಕ್ಕದ್ದು ಅದೇ ಮೊದಲು. ಪರಮಾನಂದ ಮತ್ತೆ ಅವನ ರಟ್ಟೆ ಹಿಡಿದುಕೊಂಡು ಮನೆಯ ಕಡೆ ನಡೆದ.